ಅಣ್ಣಾಭಾವು ಫೋಟೊಗೆ ಹಾರ ಬಿತ್ತು, ಹಾಡು ಯಾರು ಕೇಳಬೇಕು?

ಆಗಸ್ಟ್ 1 ಬಂತೆಂದರೆ ನಮ್ಮ ಕಡೆ ಫ್ಲೆಕ್ಸ್‌ಗಳ ಸುಗ್ಗಿ. ಕೊಲ್ಲಾಪುರಕ್ಕೆ ಹೋಗಲಿ, ಇಚಲಕರಂಜಿಗೆ ಹೋಗಲಿ, ನಮ್ಮ ಗಡಹಿಂಗ್ಲಜದ ಸ್ಟ್ಯಾಂಡಿನ ಮುಂದೆಯೇ ನಿಲ್ಲಲಿ, ಕಾಣುವುದು ಒಂದೇ ಮುಖ: ಅಣ್ಣಾಭಾವು ಸಾಠೆ. ಅವರ ಫೋಟೊದ ಸುತ್ತ ಸ್ಥಳೀಯ ಮುಖಂಡರ ಹತ್ತಿಪ್ಪತ್ತು ಫೋಟೊ. ಸಂಜೆ ಡಾಲ್ಬಿ ಕಟ್ಟಿದ ಟ್ರ್ಯಾಕ್ಟರ್ ಹೊರಡುತ್ತದೆ, ಹುಡುಗರು ಕುಣಿಯುತ್ತಾರೆ. ಆ ಡಾಲ್ಬಿಯಿಂದ ಹೆಚ್ಚಾಗಿ ಕೇಳುವುದು ಸಿನಿಮಾ ಹಾಡು. ಫೋಟೊದಲ್ಲಿರುವ ಮನುಷ್ಯ ಬದುಕಿನುದ್ದಕ್ಕೂ ಹಾಡು ಕಟ್ಟಿದವರು. ಅವರ ಜಯಂತಿಯ ದಿನವೇ ಅವರ ಹಾಡಿಗೆ ಜಾಗ ಸಿಗುವುದಿಲ್ಲ.

ಗೆಳೆಯರೇ, ನಮ್ಮ ಧರ್ಮಕೇಂದ್ರದ ಯುವಕರಲ್ಲಿ ಅರ್ಧಕ್ಕರ್ಧ ಜನ ಗಾಯನ ವೃಂದದಲ್ಲಿ ಇದ್ದೇವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ಇಂಥ ನಮಗೆ ಅಣ್ಣಾಭಾವು ಯಾರು ಎಂದು ಕೇಳಿದರೆ "ದೊಡ್ಡ ಸಾಹಿತಿ, ಫಕೀರಾ ಬರೆದವರು" ಎನ್ನುವಷ್ಟು ಉತ್ತರ ಬರುತ್ತದೆ. ಅವರು ಹಾಡುಗಾರರಾಗಿದ್ದರು, ಅದೂ ಸರಕಾರಕ್ಕೆ ತಲೆನೋವಾಗುವಂಥ ಹಾಡುಗಾರರಾಗಿದ್ದರು ಎಂಬುದು ಮರೆತುಹೋಗಿದೆ. ಅವರ ಒಂದು ಪ್ರಸಿದ್ಧ ಹಾಡು ಕನ್ನಡಿಗರಾದ ನಮ್ಮ ಕಾಲಿಗೇ ಚುಚ್ಚುತ್ತದೆ ಎಂಬುದನ್ನಂತೂ ಯಾರೂ ಹೇಳುವುದಿಲ್ಲ. ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ. ಅದಕ್ಕೆ ಮೊದಲು ಮನುಷ್ಯನ ಪರಿಚಯ ಆಗಬೇಕು.

ಕೊಲ್ಲಾಪುರದಿಂದ ಕರಾಡದ ಕಡೆಗೆ ಹೆದ್ದಾರಿ ಹಿಡಿದರೆ ವಾರಣಾ ನದಿ ದಾಟಿದ ಮೇಲೆ ವಾಳವಾ ತಾಲೂಕು ಸಿಗುತ್ತದೆ. ಆ ತಾಲೂಕಿನ ವಾಟೇಗಾಂವದಲ್ಲಿ 1920ರ ಆಗಸ್ಟ್ 1ರಂದು ತುಕಾರಾಮ ಭಾವುರಾವ್ ಸಾಠೆ ಹುಟ್ಟಿದರು. ಆಗ ಅದು ಸಾತಾರಾ ಜಿಲ್ಲೆ, ಈಗ ಸಾಂಗಲಿ. ಜಾತಿ ಮಾಂಗ, ಅಂದರೆ ಮಾತಂಗ. ಕನ್ನಡದ ಕಡೆ ಮಾದಿಗರು ಎನ್ನುವ ಸಮುದಾಯಕ್ಕೆ ಹತ್ತಿರದವರು. ಹಗ್ಗ ಹೊಸೆಯುವುದು, ಹಲಗಿ ಬಾರಿಸುವುದು, ಊರ ಹೊರಗೆ ಇರುವುದು. ಬ್ರಿಟಿಷರ ಕಾನೂನು ಅವರನ್ನು 'ಅಪರಾಧಿ ಬುಡಕಟ್ಟು' ಎಂದು ಪಟ್ಟಿಗೆ ಸೇರಿಸಿತ್ತು. ಕಳ್ಳತನ ಮಾಡಿರಲಿ ಬಿಡಲಿ, ಗಂಡಸರು ಹಾಜರಿ ಕೊಡಬೇಕಾಗಿತ್ತು. ನಮ್ಮ ಶಾಲೆಯಲ್ಲಿ ಹಾಜರಿ ಕರೆದರೆ "ಹಾಜರ್ ಸರ್" ಎಂದು ಕೂಗಿ ಕೂತುಬಿಡುತ್ತೇವೆ. ಒಂದು ಇಡೀ ಜಾತಿಗೆ ಆ ಮಾತು ಅವಮಾನವಾಗಿತ್ತು.

ಶಾಲೆಗೆ ಅವರು ಹೋದದ್ದು ಒಂದೂವರೆ ದಿನ ಎಂದು ಎಲ್ಲರೂ ಹೇಳುತ್ತಾರೆ. 1930ರ ದಶಕದ ಮೊದಲಲ್ಲಿ ಕುಟುಂಬ ಹೊಟ್ಟೆಪಾಡಿಗೆಂದು ಮುಂಬಯಿಗೆ ಹೊರಟಿತು. ರೈಲಿನಲ್ಲಲ್ಲ, ನಡೆದುಕೊಂಡು. ಮುಂಬಯಿಯಲ್ಲಿ ಹಮಾಲಿ, ಗಿರಣಿ ಕೆಲಸ, ಸಿಕ್ಕಿದ್ದೆಲ್ಲ ಮಾಡಿದರು. ಓದು ಬಂದದ್ದು ಅಂಗಡಿ ಬೋರ್ಡುಗಳಿಂದ, ಸಿನಿಮಾ ಪೋಸ್ಟರುಗಳಿಂದ. ಗಿರಣಿ ಕೆಲಸ ಹೋದ ಮೇಲೆ ಊರಿಗೆ ಮರಳಿ ಸಂಬಂಧಿಕ ಬಾಪು ಸಾಠೆಯವರ ತಮಾಶಾ ಮೇಳಕ್ಕೆ ಸೇರಿದರು. ಅವರಿಗೆ ನಿಜವಾದ ಶಾಲೆ ಸಿಕ್ಕಿದ್ದು ಅಲ್ಲಿ. ಜನರನ್ನು ರಾತ್ರಿಯಿಡೀ ಕೂರಿಸುವುದು ಹೇಗೆ, ಎಲ್ಲಿ ನಗಿಸಬೇಕು, ಎಲ್ಲಿ ಡೋಲಕಿ ನಿಲ್ಲಿಸಬೇಕು, ಇದೆಲ್ಲ ಕಾಲೇಜಿನಲ್ಲಿ ಕಲಿಸುವಂಥದ್ದಲ್ಲ.

ಮತ್ತೆ ಮುಂಬಯಿ. ಮಾಟುಂಗಾ ಲೇಬರ್ ಕ್ಯಾಂಪ್. ಕಮ್ಯುನಿಸ್ಟ್ ಪಕ್ಷದ ಒಡನಾಟ. ಅವರು ಮೊದಮೊದಲು ಕಟ್ಟಿದ ಹಾಡುಗಳಲ್ಲಿ ಒಂದು ಆ ಕ್ಯಾಂಪಿನ ಸೊಳ್ಳೆಗಳ ಮೇಲೆ! ನಮಗೆ ಇದು ಬಹಳ ಇಷ್ಟವಾದ ಸಂಗತಿ. ರಾಜಕೀಯದ ಹಾಡು ಎಂದರೆ ಮುಷ್ಟಿ ಎತ್ತಿ ಕೂಗುವುದು ಎಂದುಕೊಂಡವರು ಈ ಸೊಳ್ಳೆ ಹಾಡನ್ನು ನೆನೆಯಬೇಕು. ಗಟಾರ ತುಂಬಿದೆ, ಮುನಸಿಪಾಲಿಟಿ ಬರುವುದಿಲ್ಲ, ರಾತ್ರಿ ನಿದ್ದೆ ಇಲ್ಲ. ಇದಕ್ಕಿಂತ ದೊಡ್ಡ ರಾಜಕೀಯ ಬಡವರ ಓಣಿಯಲ್ಲಿ ಯಾವುದಿದೆ?

ಎರಡನೆಯ ಮಹಾಯುದ್ಧದ ಕಾಲಕ್ಕೆ ಅವರು ಸ್ತಾಲಿನ್‌ಗ್ರಾಡ್ ಮೇಲೆ ಪೋವಾಡ ಕಟ್ಟಿದರು. (ಪೋವಾಡ ಎಂದರೆ ನಾವು ಪ್ರವಚನದಲ್ಲಿ ಕೇಳುವ ಪವಾಡವಲ್ಲ; ವೀರರ ಕತೆಯನ್ನು ಡಫ ಬಾರಿಸುತ್ತ, ತುಂತುಣಿ ಮೀಟುತ್ತ ಹೇಳುವ ಉದ್ದದ ಹಾಡು.) ಶಿವಾಜಿ ಮಹಾರಾಜರ ಕತೆ ಹೇಳಲು ಇದ್ದ ದಾಟಿಯಲ್ಲಿ ದೂರದ ರಷ್ಯಾದ ಒಂದು ಊರಿನ ಕತೆ. ಬಂಗಾಳದಲ್ಲಿ 1943ರ ಬರ ಬಿದ್ದಾಗ ಅದರ ಮೇಲೊಂದು. 1944ರಲ್ಲಿ ಅಮರ್ ಶೇಖ್ ಮತ್ತು ದ. ನಾ. ಗವ್ಹಾಣಕರ್ ಅವರೊಡನೆ ಸೇರಿ 'ಲಾಲ್ ಬಾವಟಾ ಕಲಾಪಥಕ' ಎಂಬ ತಂಡ ಕಟ್ಟಿದರು. ಕೆಂಬಾವುಟದ ಕಲಾತಂಡ ಎನ್ನಿ. ಮೂವರೂ ಶಾಹೀರರು, ಗಿರಣಿ ಗೇಟಿನಲ್ಲಿ, ಚಾಳಿನ ಅಂಗಳದಲ್ಲಿ, ಹಳ್ಳಿಯ ಜಾತ್ರೆಯಲ್ಲಿ ಹಾಡಿದರು.

ಈ ಅಮರ್ ಶೇಖ್ ಅವರ ಬಗ್ಗೆ ಎರಡು ಮಾತು ಹೇಳದಿದ್ದರೆ ಕೊಲ್ಲಾಪುರದವರು ನಮ್ಮನ್ನು ಬಿಡುವುದಿಲ್ಲ. ಅವರ ಮೂಲ ಹೆಸರು ಮೆಹಬೂಬ್ ಹುಸೇನ್ ಪಟೇಲ್, ಊರು ಸೊಲ್ಲಾಪುರ ಜಿಲ್ಲೆಯ ಬಾರ್ಶಿ, ಹುಟ್ಟಿದ್ದು 1916ರಲ್ಲಿ. ಬಸ್ ಕ್ಲೀನರ್ ಆಗಿದ್ದವರು, ಗಿರಣಿ ಕಾರ್ಮಿಕರಾಗಿದ್ದವರು. 'ಅಮರ್ ಶೇಖ್' ಎಂಬ ಹೆಸರು ಅವರಿಗೆ ಬಂದದ್ದು ಕೊಲ್ಲಾಪುರದಲ್ಲಿ, ಮಾಸ್ಟರ್ ವಿನಾಯಕರ ಸಿನಿಮಾ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದಾಗ. ಅವರಿಗೆ ಹಾಡಿನ ಗುರು ಎಂದರೆ ಓವಿ ಹಾಡುತ್ತಿದ್ದ ಅವರ ತಾಯಿ. ಒಬ್ಬ ಮಾಂಗರ ಹುಡುಗ, ಒಬ್ಬ ಮುಸಲ್ಮಾನ ಹುಡುಗ ಸೇರಿ ಮರಾಠಿ ಶಾಹಿರಿಯನ್ನು ಹೊಸ ದಾರಿಗೆ ತಂದರು ಎಂಬುದನ್ನು ಇವತ್ತಿನ ವಾಟ್ಸಾಪ್ ಕಾಲದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ.

ಸ್ವಾತಂತ್ರ್ಯ ಬಂದ ಹೊತ್ತಿಗೆ ಮುಂಬಯಿ ಸರಕಾರ ತಮಾಶಾದ ಮೇಲೆ ನಿರ್ಬಂಧ ಹೇರಿತು. ಅಶ್ಲೀಲ ಎಂಬುದು ಹೇಳಿದ ಕಾರಣ. ಅಣ್ಣಾಭಾವು ಏನು ಮಾಡಿದರು? ಅದೇ ಆಟವನ್ನು 'ಲೋಕನಾಟ್ಯ' ಎಂದು ಕರೆದು ಆಡಿದರು. ಹೆಸರು ಮಾತ್ರ ಬದಲಾಯಿಸಿದ್ದರೆ ಅದೊಂದು ಉಪಾಯ ಎನ್ನಬಹುದಿತ್ತು. ಅವರು ಒಳಗೂ ಕೈ ಹಾಕಿದರು. ತಮಾಶಾ ಶುರುವಾಗುವುದು ಗಣಪತಿಯ ಗಣದಿಂದ, ಆಮೇಲೆ ಕೃಷ್ಣ-ಗೊಲ್ಲತಿಯರ ಗೌಳಣ, ಕೊನೆಗೆ ವಗ ಅಂದರೆ ಕತೆ. ಅಣ್ಣಾಭಾವು ಗಣದ ಜಾಗದಲ್ಲಿ ಮಣ್ಣಿಗೂ ಹುತಾತ್ಮರಿಗೂ ದುಡಿಯುವವರಿಗೂ ವಂದನೆ ಇಟ್ಟರು, ಗೌಳಣವನ್ನು ಬಿಟ್ಟರು, ಸೋಂಗಾಡ್ಯಾನ ಬಾಯಲ್ಲಿ ಸಾಹುಕಾರನ ಲೆಕ್ಕದ ಪುಸ್ತಕ ಓದಿಸಿದರು. ಜನ ನಕ್ಕರು. ನಕ್ಕ ಮೇಲೆ ಸಾಹುಕಾರನ ಹೆದರಿಕೆ ಅಷ್ಟು ಇರುವುದಿಲ್ಲ.

ಇದು ನಮಗೆ ಹೊಸದೇನಲ್ಲ. ಹಳೆಯ ದಾಟಿಗೆ ಹೊಸ ಮಾತು ತೊಡಿಸುವ ಕೆಲಸ ಈ ನಾಡಿನಲ್ಲಿ ಎಷ್ಟೋ ಸಲ ಆಗಿದೆ. ಫಾದರ್ ಥಾಮಸ್ ಸ್ಟೀಫನ್ಸ್ 1616ರಲ್ಲಿ ಅಚ್ಚಾದ ಕ್ರಿಸ್ತಪುರಾಣವನ್ನು ಬರೆದದ್ದು ಮರಾಠಿ ಓವಿಯಲ್ಲಿ. ನಾರಾಯಣ ವಾಮನ ಟಿಳಕರು ಅಭಂಗದಲ್ಲಿ ಬರೆದರು. ಫುಲೆಯವರ ಸತ್ಯಶೋಧಕರು ತಮಾಶಾವನ್ನೇ ಜಲಸಾ ಮಾಡಿಕೊಂಡು ಊರೂರು ತಿರುಗಿದರು, ಅಂಬೇಡ್ಕರ್ ಅನುಯಾಯಿಗಳೂ ಹಾಗೆಯೇ ಮಾಡಿದರು. ಗಡಿಯ ಈಚೆ ನಮ್ಮ ಗೀಗೀ ಮೇಳಗಳು ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಪುರಾಣ ಬಿಟ್ಟು ಗಾಂಧಿ ಕತೆ ಹಾಡಿದವು. ದಾಟಿ ಯಾರಪ್ಪನ ಸೊತ್ತೂ ಅಲ್ಲ.

ಗೀಗೀ ಪದದ ಮಾತು ಬಂತು, ಸ್ವಲ್ಪ ನಿಲ್ಲೋಣ. ನಮ್ಮ ಅಜ್ಜ-ಅಜ್ಜಿಯರಿಗೆ ಗೊತ್ತಿರುವ ಗೀಗೀ ಮೇಳದಲ್ಲಿ ಒಬ್ಬ ದಪ್ಪು ಹಿಡಿಯುತ್ತಾನೆ, ಒಬ್ಬ ತುಂತುಣಿ, ಒಬ್ಬ ತಾಳ. ಮುಂದಿನವ ಒಂದು ಸಾಲು ಎತ್ತಿಕೊಟ್ಟರೆ ಹಿಂದಿನವರು "ಗೀಯ ಗೀಯ" ಎಂದು ಎಳೆಯುತ್ತಾರೆ. ಮರಾಠಿ ಶಾಹೀರನ ಹಿಂದೆ ನಿಂತವರು "ಜೀ ಜೀ" ಎಂದು ಎಳೆಯುತ್ತಾರೆ. ಲಾವಣಿ ಎಂಬ ಹೆಸರು ಎರಡೂ ಕಡೆ ಒಂದೇ. ಯಾರಿಂದ ಯಾರು ಕಲಿತರು ಎಂದು ವಿದ್ವಾಂಸರು ಜಗಳವಾಡಲಿ. ಘಟಪ್ರಭೆಯ ದಂಡೆಯಲ್ಲಿ, ಹಿರಣ್ಯಕೇಶಿಯ ದಂಡೆಯಲ್ಲಿ, ಪಂಚಗಂಗೆಯ ದಂಡೆಯಲ್ಲಿ ಜಾತ್ರೆಗೆ ಹೋದವನಿಗೆ ಒಂದು ರಾತ್ರಿ ಕನ್ನಡದ ಮೇಳ, ಮರುರಾತ್ರಿ ಮರಾಠಿ ಮೇಳ. ಅವನು ಎರಡಕ್ಕೂ ಕಾಸು ಎಸೆಯುತ್ತಿದ್ದ.

ಈಗ ಆ ಚುಚ್ಚುವ ಹಾಡಿಗೆ ಬರೋಣ.

1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಯಿತು. ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಆಗಿನ ಮೈಸೂರು ರಾಜ್ಯಕ್ಕೆ ಸೇರಿತು, ಅದರ ಚಂದಗಡ ತಾಲೂಕು ಮಾತ್ರ ಬಿಟ್ಟು. ಆ ಚಂದಗಡ ನಮ್ಮ ಗಡಹಿಂಗ್ಲಜದ ಪಕ್ಕಕ್ಕೇ ಇದೆ, ಕೊಲ್ಲಾಪುರ ಜಿಲ್ಲೆಯ ಭಾಗವಾಗಿ. ಮುಂಬಯಿ ಸಹಿತ ಮರಾಠಿ ರಾಜ್ಯ ಬೇಕೆಂದು ಸಂಯುಕ್ತ ಮಹಾರಾಷ್ಟ್ರ ಚಳವಳಿ ಎದ್ದಿತು. 100ಕ್ಕೂ ಹೆಚ್ಚು ಜನ ಅದರಲ್ಲಿ ಸತ್ತರು. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. ಆ ಚಳವಳಿಯ ಸಭೆಗಳಲ್ಲಿ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಶಾಹೀರರ ಹಾಡು ಎಂದು ಆ ಕಾಲದವರು ಹೇಳುತ್ತಿದ್ದರು. ಅವುಗಳಲ್ಲಿ ಅಣ್ಣಾಭಾವು ಕಟ್ಟಿದ 'ಮಾಝೀ ಮೈನಾ' ಎಂಬ ಛಕ್ಕಡ ಎಲ್ಲಕ್ಕಿಂತ ಹೆಸರಾಯಿತು.

ಹಾಡಿನ ಕತೆ ಸರಳ. ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಕೂಲಿಯವನೊಬ್ಬ ಊರಲ್ಲಿ ಬಿಟ್ಟುಬಂದ ಹೆಂಡತಿಯನ್ನು ನೆನೆಯುತ್ತಾನೆ. ಅವಳ ರೂಪ, ಅವಳ ಸಿಂಗಾರ, ಹೊರಡುವಾಗ ಅವಳು ಅತ್ತದ್ದು, ಅವನು ಒಡವೆ ತರುತ್ತೇನೆಂದು ಸಮಾಧಾನ ಹೇಳಿದ್ದು. ಮುಂಬಯಿಗೆ ಬಂದರೆ ಒಡವೆ ಎಲ್ಲಿಯದು? ಮಹಡಿಯ ಮೇಲೆ ಮಹಡಿ ಕಟ್ಟಿದವರು ಒಂದು ಕಡೆ, ಫುಟ್‌ಪಾತಿನಲ್ಲಿ ಮಲಗಿದವರು ಒಂದು ಕಡೆ. ಅಲ್ಲಿಂದ ಹಾಡು ಚಳವಳಿಗೆ ಹೊರಳುತ್ತದೆ. ಕೊನೆಗೆ, ಅವನನ್ನು ಅಗಲಿದ ಮೈನಾ ಹೇಗೋ, ಮಹಾರಾಷ್ಟ್ರವನ್ನು ಅಗಲಿ ಉಳಿದ ಸೀಮೆಯೂ ಹಾಗೆಯೇ ಎನ್ನುತ್ತದೆ. ಅಲ್ಲಿ ಬೆಳಗಾವಿ, ಕಾರವಾರದ ಹೆಸರು ಬರುತ್ತವೆ.

ಅಗಲಿದ ಹೆಂಡತಿ ಎಂದರೆ ಬೆಳಗಾವಿ! ನಮ್ಮ ಕಡೆಯ ಎಷ್ಟೋ ಮನೆಗಳ ಸೊಸೆ ಬಂದದ್ದು, ಮಗಳು ಹೋದದ್ದು, ಆಸ್ಪತ್ರೆ, ಕಾಲೇಜು, ಬಟ್ಟೆ ಅಂಗಡಿ ಎಲ್ಲ ಇರುವುದು ಆ ಬೆಳಗಾವಿಯಲ್ಲೇ. ಕನ್ನಡ ಮನೆಯವರಿಗೆ ಹಾಡಿನ ಆ ಭಾಗ ಕಿವಿಗೆ ಬಿದ್ದರೆ ಒಳಗೆ ಏನೋ ಬಿಗಿಯುತ್ತದೆ. ಸುಳ್ಳು ಹೇಳುವುದು ಬೇಡ.

ನಮ್ಮ ಯುವಕರ ಕೂಟದಲ್ಲಿ ಈ ಹಾಡನ್ನು ಅಭ್ಯಾಸ ಮಾಡೋಣ ಎಂಬ ಮಾತು ಎದ್ದಾಗ ಆದದ್ದೂ ಅದೇ.

"ಯಾಕ ಹಾಡಬೇಕ್ರಿ ನಾವು? ಬೆಳಗಾವಿ ನಮ್ಮದು ಅಂತ ಕೇಳೋ ಹಾಡ ಅದು" ಎಂದ ಒಬ್ಬ.

"ಹಾಡಿದ್ರ ಬೆಳಗಾವಿ ಎದ್ದು ಹೋಗಿಬಿಡ್ತದೇನೋ ತಮ್ಮಾ?" ಎಂದರು ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು.

"ಹಂಗಲ್ಲ ಕಾಕಾ, ಕೊನೀ ಭಾಗ ಬಿಟ್ಟು ಹಾಡೋಣ. ಹೆಂಡ್ತಿ ಕತಿ ಅಷ್ಟ ಸಾಕು."

ಕೊನೆಯ ಭಾಗ ಬಿಟ್ಟು ಹಾಡುವುದು ಅನುಕೂಲ, ನಿಜ. ಆದರೆ ನಮಗೆ ಅದು ಸರಿ ಕಾಣುವುದಿಲ್ಲ. ಫೋಟೊಗೆ ಹಾರ ಹಾಕಿ ಹಾಡು ಬಿಡುವವರು ಮಾಡುತ್ತಿರುವುದು ಕೂಡ ಅದೇ ತಾನೇ? ಚುಚ್ಚುವುದನ್ನು ತೆಗೆದು, ಮೆತ್ತಗಿರುವುದನ್ನು ಇಟ್ಟುಕೊಳ್ಳುವುದು. ಅಣ್ಣಾಭಾವು ಬೆಳಗಾವಿಯನ್ನು ಕೇಳಿದರು. ಅವರು ತಪ್ಪು ಕೇಳಿದರು ಎಂದು ನಮಗೆ ಅನ್ನಿಸಿದರೆ ಅದನ್ನು ಹೇಳುವ ಹಕ್ಕು ನಮಗಿದೆ. ಅವರು ಕೇಳಲೇ ಇಲ್ಲ ಎನ್ನುವ ಹಾಗೆ ನಟಿಸುವ ಹಕ್ಕು ಇಲ್ಲ.

ಇನ್ನೊಂದು ಮಾತು. ಬೆಳಗಾವಿಯ ಮೇಲೆ ಆಸೆ ಇಟ್ಟು ಹಾಡಿದವರು ಮರಾಠಿಯವರು ಮಾತ್ರವೇ? 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ. ಹುಯಿಲಗೋಳ ನಾರಾಯಣರಾಯರ ಏಕೀಕರಣದ ಹಾಡು ಮೊಳಗಿದ್ದು ಆ ಅಧಿವೇಶನದಲ್ಲಿ. ಆಗ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಒಂದಾಗಬೇಕೆಂಬ ಹಂಬಲವನ್ನು ಅವರೂ ಹಾಡಾಗಿಯೇ ಹೇಳಿದರು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಬಾಳಪ್ಪನವರಂಥ ಜನಪದ ಗಾಯಕರು ಸ್ವಾತಂತ್ರ್ಯ ಹೋರಾಟಕ್ಕೆ ಹಾಡಿದರು. ಅಂದರೆ ಒಂದೇ ಊರಿನ ಸುತ್ತ ಎರಡು ಭಾಷೆಯಲ್ಲಿ ಹಾಡುಗಳಿವೆ, ಎರಡರಲ್ಲೂ ಪ್ರೀತಿಯೇ ಇದೆ. ನಡುವೆ ಇರುವವರು ನಾವು. ಬೆಂಗಳೂರಿನವರಿಗೆ ಒಂದು ಹಾಡು ಸಾಕು, ಪುಣೆಯವರಿಗೆ ಒಂದು ಹಾಡು ಸಾಕು. ನಿಪ್ಪಾಣಿ ದಾಟಿ ಕಾಗಲಕ್ಕೆ ಬರುವವರಿಗೆ, ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಬಸ್ ಹತ್ತುವವರಿಗೆ ಎರಡೂ ಕೇಳಿಸುತ್ತವೆ.

ಗಡಿ ಗಲಾಟೆ ಎದ್ದಾಗಲೆಲ್ಲ ಏನಾಗುತ್ತದೆ ಎಂದು ನಿಮಗೆ ಗೊತ್ತು. ಕೋಗನೊಳಿಯ ಹತ್ತಿರ ಬಸ್ಸುಗಳು ನಿಲ್ಲುತ್ತವೆ, ಬೋರ್ಡಿಗೆ ಮಸಿ ಬೀಳುತ್ತದೆ, 2022ರ ಡಿಸೆಂಬರಿನಲ್ಲಿ ಲಾರಿಗಳಿಗೆ ಕಲ್ಲು ಬಿತ್ತು. ಕಲ್ಲು ಎಸೆದವರಿಗೆ ಮರುದಿನ ಕೆಲಸಕ್ಕೆ ಹೋಗಬೇಕಾದ ನರ್ಸಿನ, ಪರೀಕ್ಷೆಗೆ ಹೋಗಬೇಕಾದ ಹುಡುಗಿಯ ನೆನಪಿರುವುದಿಲ್ಲ. ವಾದ ಇರಲಿ, ವಾದವನ್ನು ಹಾಡಾಗಿ ಮಾಡಿದವನು ನಮ್ಮ ಮಟ್ಟಿಗೆ ಕಲ್ಲು ಎಸೆದವನಿಗಿಂತ ಸಾವಿರ ಪಾಲು ಮೇಲು. ಹಾಡಿಗೆ ಹಾಡಿನಿಂದ ಉತ್ತರ ಕೊಡಬಹುದು. ಹರದೇಶಿ-ನಾಗೇಶಿ ಮೇಳಗಳು ರಾತ್ರಿಯಿಡೀ ಮಾಡುತ್ತಿದ್ದುದು ಅದನ್ನೇ. ಒಬ್ಬರು ಗಂಡು ಹೆಚ್ಚು ಎಂದರೆ ಇನ್ನೊಬ್ಬರು ಹೆಣ್ಣು ಹೆಚ್ಚು ಎನ್ನುತ್ತಿದ್ದರು, ಬೆಳಗಾದ ಮೇಲೆ ಒಂದೇ ಕಡೆ ಕೂತು ಚಹಾ ಕುಡಿಯುತ್ತಿದ್ದರು.

ಅಣ್ಣಾಭಾವು ಅವರ ಉಳಿದ ಬದುಕನ್ನು ಬೇಗ ಹೇಳುತ್ತೇವೆ, ಏಕೆಂದರೆ ಅದು ಪುಸ್ತಕಗಳಲ್ಲಿ ಸಿಗುತ್ತದೆ. 1958ರ ಮಾರ್ಚ್ 2ರಂದು ಮುಂಬಯಿಯಲ್ಲಿ ನಡೆದ ಮೊದಲ ದಲಿತ ಸಾಹಿತ್ಯ ಸಮ್ಮೇಳನವನ್ನು ಉದ್ಘಾಟಿಸಿದರು. ಭೂಮಿ ಶೇಷನ ಹೆಡೆಯ ಮೇಲೆ ಅಲ್ಲ, ದಲಿತರ ಮತ್ತು ದುಡಿಯುವವರ ಅಂಗೈ ಮೇಲೆ ನಿಂತಿದೆ ಎಂಬ ಅರ್ಥದ ಅವರ ಮಾತು ಅಲ್ಲಿಯದು. 1959ರಲ್ಲಿ 'ಫಕೀರಾ' ಬಂತು, ಅದನ್ನು ಅಂಬೇಡ್ಕರರಿಗೆ ಅರ್ಪಿಸಿದರು, 1961ರಲ್ಲಿ ಅದಕ್ಕೆ ರಾಜ್ಯ ಪ್ರಶಸ್ತಿ. ಅದೇ ವರ್ಷ ರಷ್ಯಾ ಪ್ರವಾಸ, ಬಂದು ಪ್ರವಾಸಕಥನ. ಮೂವತ್ತಕ್ಕೂ ಹೆಚ್ಚು ಕಾದಂಬರಿ. 'ವಾರಣೇಚಾ ವಾಘ' ಸೇರಿ ಹಲವು ಸಿನಿಮಾ ಆದವು. ಇಷ್ಟೆಲ್ಲ ಆದ ಮನುಷ್ಯ ಬಾಳಿದ್ದು ಘಾಟಕೋಪರದ ಚಿರಾಗನಗರದ ಗುಡಿಸಲಲ್ಲಿ. 1969ರ ಜುಲೈ 18ರಂದು ಬಡತನದಲ್ಲೇ ತೀರಿಕೊಂಡಾಗ ಅವರಿಗೆ 49 ಕೂಡ ತುಂಬಿರಲಿಲ್ಲ. ಆರು ವಾರ ಕಳೆದು ಆಗಸ್ಟ್ 29ರಂದು ಅಮರ್ ಶೇಖ್ ರಸ್ತೆ ಅಪಘಾತದಲ್ಲಿ ಹೋದರು.

ಸತ್ತ ಮೇಲೆ ಎಲ್ಲರಿಗೂ ಬೇಕಾದರು. 1985ರಲ್ಲಿ ಅವರ ಹೆಸರಿನಲ್ಲಿ ಸರಕಾರಿ ನಿಗಮ ಬಂತು, 2002ರಲ್ಲಿ ಅಂಚೆ ಚೀಟಿ ಬಂತು, 2022ರಲ್ಲಿ ಮಾಸ್ಕೋದಲ್ಲಿ ಪುತ್ಥಳಿ ನಿಂತಿತು. ಒಳ್ಳೆಯದೇ. ಆದರೆ ಪ್ರತಿಯೊಬ್ಬರೂ ತಮಗೆ ಬೇಕಾದಷ್ಟು ಅಣ್ಣಾಭಾವುವನ್ನು ಕತ್ತರಿಸಿಕೊಂಡರು. ಕೆಲವರಿಗೆ ಕಾಮ್ರೇಡ್ ಬೇಕು, ಮಾಂಗ ಬೇಡ. ಕೆಲವರಿಗೆ ಮಾಂಗ ಬೇಕು, ಕಾಮ್ರೇಡ್ ಬೇಡ. ಕೆಲವರಿಗೆ ಸಂಯುಕ್ತ ಮಹಾರಾಷ್ಟ್ರದ ಶಾಹೀರ ಸಾಕು, ಸಾಹುಕಾರನನ್ನು ಗೇಲಿ ಮಾಡಿದವ ಬೇಡ. ಅಂಬೇಡ್ಕರರ ಮೇಲಿನ ಅವರ ಹಾಡೂ ಕೆಂಬಾವುಟದ ಹಾಡೂ ಒಂದೇ ಗಂಟಲಿನಿಂದ ಬಂದವು. ಆ ಎರಡು ಚಳವಳಿಗಳು ಪರಸ್ಪರ ಮುಖ ತಿರುಗಿಸಿಕೊಂಡಿದ್ದ ಕಾಲದಲ್ಲೇ ಬಂದವು. ಅದು ಅವರಿಗೆ ಸುಲಭವಾಗಿರಲಿಕ್ಕಿಲ್ಲ.

ಕೊಲ್ಲಾಪುರದಲ್ಲಿ ಅವರನ್ನು ಪೂರ್ತಿಯಾಗಿ ನೆನೆದವರೂ ಇದ್ದಾರೆ. ಈ ಊರಿಗೆ ಅದರ ಅಭ್ಯಾಸ ಇದೆ. ಶಾಹೂ ಮಹಾರಾಜರು 1902ರಲ್ಲೇ ಹಿಂದುಳಿದವರಿಗೆ ನೂರಕ್ಕೆ 50 ಹುದ್ದೆ ಕಾದಿರಿಸಿದ ಊರು. ಪಿರಾಜಿರಾವ್ ಸರನಾಯಿಕರಂಥ ಶಾಹೀರರು ಪೋವಾಡ ಹಾಡಿದ ಊರು. ಬಿಂದು ಚೌಕದಲ್ಲಿ ಫುಲೆ ಮತ್ತು ಅಂಬೇಡ್ಕರರ ಪುತ್ಥಳಿಗಳನ್ನು 1950ರಲ್ಲೇ, ಅಂಬೇಡ್ಕರರು ಬದುಕಿದ್ದಾಗಲೇ ನಿಲ್ಲಿಸಿದ ಊರು. ಇಲ್ಲಿನ ಗೋವಿಂದ ಪಾನಸರೆಯವರು ಅಣ್ಣಾಭಾವು ಹೆಸರಿನಲ್ಲಿ ಸಾಹಿತ್ಯ ಸಮ್ಮೇಳನಗಳಿಗೆ ದಾರಿ ಮಾಡಿದರು. ಶಿವಾಜಿ ಯಾರು ಎಂದು ಕೇಳುವ ಅವರ ಸಣ್ಣ ಪುಸ್ತಕ ಕನ್ನಡಕ್ಕೂ ಬಂದಿದೆ, ಓದಿ. 2015ರ ಫೆಬ್ರವರಿ 16ರ ಬೆಳಿಗ್ಗೆ ವಾಕಿಂಗ್ ಮುಗಿಸಿ ಮನೆಗೆ ಬರುತ್ತಿದ್ದಾಗ ಅವರಿಗೆ ಗುಂಡು ಹಾರಿಸಲಾಯಿತು, 20ಕ್ಕೆ ತೀರಿಕೊಂಡರು. ಹಾಡು, ಪುಸ್ತಕ ಎಂದರೆ ನಿರುಪದ್ರವಿ ವಸ್ತು ಎಂದುಕೊಂಡವರಿಗೆ ಇದನ್ನು ನೆನಪಿಸಬೇಕು.

ಇಚಲಕರಂಜಿಯ ಗೆಳೆಯರಿಗೆ ಒಂದು ಮಾತು. ನಿಮ್ಮೂರಿಗೆ ಮೊದಲ ಪಾವರ್‌ಲೂಮ್ ಬಂದದ್ದು 1904ರಲ್ಲಿ. ಅಂದಿನಿಂದ ಗಡಿಯಾಚೆಯ ಎಷ್ಟು ಕನ್ನಡ ಕುಟುಂಬಗಳು ಅಲ್ಲಿ ಅನ್ನ ಹುಡುಕಿಕೊಂಡಿವೆ! ಬೀಸುಕಲ್ಲಿನ ಮುಂದೆ ಕೂತ ಅಜ್ಜಿ ಹಾಡಬಲ್ಲಳು, ಕೈಮಗ್ಗದ ಮುಂದೆ ಕೂತ ನೇಕಾರನೂ ಹಾಡಬಲ್ಲ. ಪಾವರ್‌ಲೂಮ್ ಶೆಡ್ಡಿನಲ್ಲಿ ಪಕ್ಕದವನ ಮಾತೇ ಕೇಳುವುದಿಲ್ಲ, ಕೈಸನ್ನೆಯಲ್ಲಿ ವ್ಯವಹಾರ. ಆ ಕೆಲಸದೊಳಗೆ ಹಾಡು ಹುಟ್ಟುವುದಿಲ್ಲ. ಪಾಳಿ ಮುಗಿದ ಮೇಲೆ, ಗೇಟಿನ ಹೊರಗೆ, ಯಾರಾದರೂ ಅದನ್ನು ಹುಟ್ಟಿಸಬೇಕು. ಅಣ್ಣಾಭಾವು ಮುಂಬಯಿಯ ಗಿರಣಿಗಳಿಗೆ ಮಾಡಿದ ಕೆಲಸ ಅದು. ಇಂದು ಮೀಟರಿನ ಲೆಕ್ಕದಲ್ಲಿ ಕೂಲಿ ಎಣಿಸುವವನ ಹಾಡನ್ನು ಕನ್ನಡದಲ್ಲಿ ಕಟ್ಟುವವರು ನಿಮ್ಮಲ್ಲೇ ಇರಬೇಕು. ಕರ್ನಾಟಕದಲ್ಲಿ ಸಿದ್ಧಲಿಂಗಯ್ಯನವರು 1975ರಲ್ಲಿ 'ಹೊಲೆಮಾದಿಗರ ಹಾಡು' ತಂದಾಗ ಅವರಿಗೆ ಇಪ್ಪತ್ತೊಂದು ವರ್ಷದ ಆಸುಪಾಸು. ಅವರ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯ ಹುಡುಗರು ಬೀದಿಬೀದಿಯಲ್ಲಿ ಹಾಡಿದರು. ವಯಸ್ಸು ನೆಪವಾಗುವುದಿಲ್ಲ.

ನಮ್ಮ ಕೂಟದ ಮಾತುಕತೆ ಅಂದು ರಾತ್ರಿ ಒಂಬತ್ತೂವರೆಯ ತನಕ ನಡೆಯಿತು. ಕೊನೆಗೆ ಒಪ್ಪಿದ್ದು ಇಷ್ಟು: ಬರುವ ಆಗಸ್ಟಿನ ಮೊದಲ ಭಾನುವಾರ ಸಂಜೆ, ಡಾಲ್ಬಿ ಇಲ್ಲದೆ, 'ಮಾಝೀ ಮೈನಾ' ಪೂರ್ತಿ, ಬೆಳಗಾವಿ ಸಹಿತ. ಅದರ ಹಿಂದೆಯೇ ಹುಯಿಲಗೋಳರ ಹಾಡು. ಆಮೇಲೆ ಗೀಗೀ ದಾಟಿಯಲ್ಲಿ ನಾವೇ ಕಟ್ಟುತ್ತಿರುವ ಒಂದು ಉತ್ತರ, ಬೆಳಗಾವಿಯೇ ಎದ್ದು ನಿಂತು ಇಬ್ಬರಿಗೂ ಬುದ್ಧಿ ಹೇಳುವ ಹಾಗೆ. ಅದರ ಮಾತು ಇನ್ನೂ ಮುಗಿದಿಲ್ಲ, ಸೊಸೆಯ ಬಾಯಲ್ಲಿ ಹೇಳಿಸಬೇಕೋ ಅತ್ತೆಯ ಬಾಯಲ್ಲಿ ಹೇಳಿಸಬೇಕೋ ಎಂಬ ಜಗಳ ನಡೆದಿದೆ. ಹಲಗಿ ಬಾರಿಸುವವರು ಸಿಕ್ಕಿದ್ದಾರೆ, ತಾಳ ನಮ್ಮಲ್ಲೇ ಇದೆ. ತುಂತುಣಿ ಮಾತ್ರ ಸಿಕ್ಕಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಅಜ್ಜನ ಕಾಲದ್ದು ಇದ್ದರೆ ದೂಳು ಒರೆಸಿ ತನ್ನಿ, ತಂತಿ ನಾವು ಹಾಕಿಸಿಕೊಳ್ಳುತ್ತೇವೆ.